ಮತ್ತೆ ಅದೇ ಊರಿನಲ್ಲಿ



ನಗಿಸುವುದನ್ನೇ ಕಾಯಕವಾಗಿಸಿಕೊಂಡವನಿಗೆ ಹೊಸ ಊರಿಗಿಂತ, ಹಿಂದೊಮ್ಮೆ ತನ್ನ ಮಾತಿಗೆ ನಕ್ಕ ಊರೇ ಕಠಿಣ ಪರೀಕ್ಷೆ. ಹನ್ನೆರಡು ವರ್ಷಗಳ ತರುವಾಯ ಬೇಗೂರಿನ ಹಾಸ್ಯೋತ್ಸವಕ್ಕೆ ಮರಳಿ ಹೋದಾಗ ಈ ಸಂಗತಿ ನನಗೆ ಮನವರಿಕೆಯಾಯಿತು.

ಕಾರ್ಯಕ್ರಮಕ್ಕೆ ಮುನ್ನ ನಾಗೇಶ್ವರ ದೇವಾಲಯಕ್ಕೆ ಹೋಗಿದ್ದೆ. ಬೆಂಗಳೂರಿನ ಹೆಸರನ್ನುಳ್ಳ, ಕ್ರಿ.ಶ. 890ರ ಸುಮಾರಿನ ವೀರಗಲ್ಲಿನ ಶಾಸನ ದೊರೆತದ್ದು ಈ ಊರಿನಲ್ಲಿಯೇ. ಸಾವಿರದ ನೂರು ವರ್ಷಗಳಿಂದ ಆ ಕಲ್ಲು ಒಂದೇ ಕಾಳಗದ ಸುದ್ದಿಯನ್ನು ಹೇಳುತ್ತಿದೆ. ಹಳೆಯದಾಯಿತೆಂದು ಯಾರೂ ಆಕ್ಷೇಪಿಸಿಲ್ಲ. ಹಾಸ್ಯಗಾರನಿಗೆ ಆ ಭಾಗ್ಯವಿಲ್ಲ.

ಹಿಂದಿನ ಸಲ ನಾನು ಹೇಳಿದ್ದ ಚಟಾಕಿಯೊಂದು ಬಹಳ ಗೆದ್ದಿತ್ತು. ಜಮೀನು ಮಾರಿದ ರೈತನೊಬ್ಬ ಹೊಸ ಕಾರು ಕೊಂಡು, ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿ, ಮುಂದೆ ಹುಲ್ಲು ಹಾಕಿದನೆಂಬುದು ಅದರ ತಿರುಳು. ಈ ಸಲವೂ ಅದನ್ನೇ ನಂಬಿ ಬಂದಿದ್ದೆ. ವೇದಿಕೆಯ ಬಳಿ ವೃದ್ಧರೊಬ್ಬರು ಕೈಮುಗಿದು, “ಸ್ವಾಮಿ, ಆ ಕಾರಿನ ಕತೆ ಇವತ್ತೂ ಐತಾ?” ಎಂದರು. ಅಭಿಮಾನಿಯೆಂದು ಹಿಗ್ಗಿ, “ಇದೆ ಯಜಮಾನರೇ” ಎಂದೆ.

“ಹೇಳಿ, ನಗಾನ. ಆದ್ರೆ ಆ ಕಾರೂ ಹೋಯ್ತು, ಈಗ ಆ ಜಮೀನಿನ ಗೇಟು ಅವನೇ ಕಾಯ್ತವ್ನೆ ಅಂತ ಒಂದು ಮಾತು ಸೇರಿಸ್ಕಳಿ.”

ಅವರು ತೊಟ್ಟಿದ್ದುದು ಕಾವಲುಗಾರನ ನೀಲಿ ಅಂಗಿ.

ಆಗ ನನಗೆ ನೆನಪಾದವರು ಮಾಸ್ಟರ್ ಹಿರಣ್ಣಯ್ಯನವರು. 2019ರಲ್ಲಿ ತೀರಿಕೊಂಡ ಆ ಮಹಾನಟರು ‘ಲಂಚಾವತಾರ’ವೊಂದನ್ನೇ ಹತ್ತು ಸಾವಿರಕ್ಕೂ ಮಿಗಿಲಾಗಿ ಆಡಿದರೆಂದು ಪ್ರಸಿದ್ಧಿ. ಆದರೂ ಜನ ಮತ್ತೆ ಮತ್ತೆ ಬಂದರು. ನಾಟಕ ಅದೇ ಆದರೂ ಅಂದಂದಿನ ರಾಜಕೀಯದ ಮಾತು ಅದರೊಳಗೆ ಹೊಸದಾಗಿ ಹುಟ್ಟುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಅವರ ಚಾಟಿ ಬೀಸುತ್ತಿದ್ದುದು ಕುರ್ಚಿಯಲ್ಲಿದ್ದವರ ಮೇಲೆ. ನನ್ನ ಚಾಟಿಯೋ, ನೆಲ ಕಳೆದುಕೊಂಡವನ ಬೆನ್ನನ್ನು ಹುಡುಕಿತ್ತು.

ಅಂದು ವೇದಿಕೆಯೇರಿ ಕಾರಿನ ಕತೆಯನ್ನೇ ಹೇಳಿದೆ. ಆದರೆ ಹುಲ್ಲು ಹಾಕಿದವನ ಹೆಸರು ಬದಲಾಗಿತ್ತು. ಓಡದ ಹಳೆಯ ಚಟಾಕಿಯೊಂದನ್ನು ಹನ್ನೆರಡು ವರ್ಷ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದವನು ನಾನೇ ಎಂದು ಒಪ್ಪಿಕೊಂಡೆ. ಹಿಂದಿನಷ್ಟು ದೊಡ್ಡ ನಗೆಯೇನೂ ಏಳಲಿಲ್ಲ. ಸಭೆಯ ಕೊನೆಯಲ್ಲಿ ನಿಂತಿದ್ದ ನೀಲಿ ಅಂಗಿಯವರು ಮಾತ್ರ ಬಾಯ್ತುಂಬ ನಕ್ಕರು. ಆಮೇಲೆ ಕೈಗಡಿಯಾರ ನೋಡಿಕೊಂಡು, ರಾತ್ರಿ ಪಾಳಿಗೆ ಹೊರಟುಹೋದರು.