ಇಂಗ್ಲೀಷಿನ ಜೋಡಿ ಕ್ರಿಯಾಪದಗಳು



ಇಂಗ್ಲೀಷನ್ನು ಕಲಿಯತೊಡಗಿದ ಬಾಲಕನಿಗೆ ಮೊದಲ ವಾರದಲ್ಲಿಯೇ ಪರಿಚಯವಾಗುವ ಶಬ್ದಗಳಲ್ಲಿ 'ಆಂಡ್' ಎಂಬುದೊಂದು. ಅದರ ಮುಂದೆ 'ಮತ್ತು' ಎಂದು ಅರ್ಥವನ್ನು ಬರೆದುಕೊಂಡ ಮೇಲೆ ಇನ್ನು ತಿಳಿಯಬೇಕಾದುದೇನೂ ಉಳಿಯಲಿಲ್ಲವೆಂದು ಅವನೂ ಭಾವಿಸುತ್ತಾನೆ, ಅವನ ಉಪಾಧ್ಯಾಯರೂ ಭಾವಿಸುತ್ತಾರೆ. ನಾಮಪದಗಳ ಮಟ್ಟಿಗೆ ಇಷ್ಟು ಸಾಕು. 'ಮಿಲ್ಕ್ ಆಂಡ್ ಷುಗರ್' ಎಂದರೆ ಹಾಲೂ ಸಕ್ಕರೆಯೂ. ಹಿಂದುಮುಂದು ಮಾಡಿ ಹೇಳಿದರೂ ಅರ್ಥಕ್ಕೆ ಕುಂದಿಲ್ಲ. ಆದರೆ ಅದೇ ಶಬ್ದವು ಎರಡು ಕ್ರಿಯಾಪದಗಳ ನಡುವೆ ಬಂದು ನಿಂತಾಗ ಅದರ ನಡತೆಯೇ ಬೇರೆಯಾಗುತ್ತದೆ. ಈ ಹೊತ್ತು ನಾವು ವಿಚಾರಿಸಬೇಕೆಂದಿರುವುದು ಆ ನಡತೆಯನ್ನೇ.

ಇಂಗ್ಲೀಷರ ಮನೆಮಾತಿನಲ್ಲಿ 'ಗೋ ಆಂಡ್ ಸೀ', 'ಕಮ್ ಆಂಡ್ ಸಿಟ್', 'ರನ್ ಆಂಡ್ ಫೆಚ್' ಎಂಬ ಜೋಡಿಗಳು ಹೆಜ್ಜೆಹೆಜ್ಜೆಗೂ ಕೇಳಿಬರುತ್ತವೆ. ಇವುಗಳಲ್ಲಿ ಎರಡು ಆಜ್ಞೆಗಳಿವೆಯೆ? ಇಲ್ಲ. ಹೋಗುವುದು ನೋಡುವುದಕ್ಕಾಗಿ; ಎರಡೂ ಸೇರಿ ಒಂದೇ ಕಾರ್ಯ. ಕನ್ನಡಿಗರಾದ ನಮಗೆ ಇದು ಹೊಸದಲ್ಲ. 'ಹೋಗಿ ನೋಡು', 'ಬಂದು ಕುಳಿತುಕೋ', 'ಓಡಿಹೋಗಿ ತಾ' ಎಂದು ಮೊದಲ ಕ್ರಿಯೆಯನ್ನು ಕೃದಂತಾವ್ಯಯವನ್ನಾಗಿ ಮಾಡಿ, ಎರಡನೆಯದಕ್ಕೆ ಮಾತ್ರ ವಿಭಕ್ತಿಯಂತೆ ಕಾಲವನ್ನೂ ಪುರುಷವನ್ನೂ ತೊಡಿಸುವುದು ನಮ್ಮ ಭಾಷೆಯ ರೂಢಿ. ಆಡುಮಾತಿನ ಇಂಗ್ಲೀಷಿಗೆ ಇಂಥ ಹಗುರವಾದ ಅವ್ಯಯ ದೊರೆಯದ ಕಾರಣ, ಅದು 'ಆಂಡ್' ಎಂಬ ಸಮುಚ್ಚಯವನ್ನೇ ಕರೆದು ಈ ಕೆಲಸಕ್ಕೆ ಹಚ್ಚಿದೆ. ಆದುದರಿಂದ 'ಗೋ ಆಂಡ್ ಸೀ' ಎಂಬಲ್ಲಿನ 'ಆಂಡ್' ಎಂಬುದಕ್ಕೆ ಸರಿಯಾದ ಕನ್ನಡವು 'ಮತ್ತು' ಅಲ್ಲ. 'ಹೋಗಿ' ಎಂಬುದರ ಕೊನೆಯಲ್ಲಿರುವ ಇಕಾರ.

ಇದು ನಮ್ಮ ಊಹೆ ಮಾತ್ರವಲ್ಲ. ಇಂಗ್ಲೀಷಿನ ವ್ಯಾಕರಣವೇ ಇದಕ್ಕೆ ಸಾಕ್ಷಿ ನುಡಿಯುತ್ತದೆ. 'ಅವನು ಅನ್ನವನ್ನು ಉಂಡನು, ಹಾಲನ್ನು ಕುಡಿದನು' ಎಂಬ ವಾಕ್ಯವನ್ನು ಇಂಗ್ಲೀಷಿನಲ್ಲಿ 'ಆಂಡ್' ಸೇರಿಸಿ ಹೇಳಿದ ಮೇಲೆ, ಹಾಲೆಂಬ ಒಂದು ಮಾತನ್ನು ಮಾತ್ರ ಕಿತ್ತು ಪ್ರಶ್ನೆಯನ್ನಾಗಿ ಮಾಡಿ 'ವ್ಹಾಟ್ ಡಿಡ್ ಹಿ ಈಟ್ ರೈಸ್ ಆಂಡ್ ಡ್ರಿಂಕ್?' ಎಂದರೆ ಯಾವ ಇಂಗ್ಲೀಷನೂ ಒಪ್ಪುವುದಿಲ್ಲ. ಸಮಾನವಾದ ಎರಡು ಅಂಗಗಳಲ್ಲಿ ಒಂದರಿಂದ ಮಾತ್ರ ಪದವನ್ನು ಹೊರಗೆಳೆಯಲಾಗದೆಂಬ ಈ ನಿಯಮವನ್ನು ಜಾನ್ ರಾಬರ್ಟ್ ರಾಸ್ ಎಂಬ ಅಮೆರಿಕದ ಪಂಡಿತರು 1967ರ ತಮ್ಮ ಪ್ರಬಂಧದಲ್ಲಿ ನಿರೂಪಿಸಿದರು. ಆದರೆ 'ವ್ಹಾಟ್ ಡಿಡ್ ಯೂ ಗೋ ಆಂಡ್ ಬೈ?' ಎಂಬ ಪ್ರಶ್ನೆಯನ್ನು ಮಕ್ಕಳೂ ಕೇಳುತ್ತಾರೆ. ಇಂಥ ಜೋಡಿಗಳು ನಿಯಮಕ್ಕೆ ಒಳಪಡುವುದಿಲ್ಲವೆಂಬುದನ್ನು ರಾಸ್ ಅವರೇ ಎತ್ತಿ ತೋರಿಸಿದ್ದಾರೆ. ಏಕೆ ಒಳಪಡುವುದಿಲ್ಲ? ಅಲ್ಲಿರುವುದು ಎರಡು ಸಮಾನ ಅಂಗಗಳಲ್ಲ, ಒಂದೇ ಕ್ರಿಯೆ; 'ಏನನ್ನು ಹೋಗಿ ಕೊಂಡೆ?' ಎಂದು ನಾವು ಕೇಳುವಂತೆಯೇ.

ಈ ಜೋಡಿಯ ಬೆಲೆ ತಿಳಿಯಬೇಕಾದರೆ ಅದರ ನೆರೆಯವನೊಡನೆ ಇಟ್ಟು ನೋಡಬೇಕು. 'ಐ ವೆಂಟ್ ಟು ಸೀ ದಿ ಡಾಕ್ಟರ್' ಎಂದವನು ವೈದ್ಯರನ್ನು ಕಂಡನೋ ಇಲ್ಲವೋ ಆ ವಾಕ್ಯದಿಂದ ತಿಳಿಯದು. ಬಾಗಿಲು ಮುಚ್ಚಿದ್ದರಿಂದ ಹಿಂದಿರುಗಿ ಬಂದೆನೆಂದು ಮುಂದುವರಿಸಬಹುದು. 'ಐ ವೆಂಟ್ ಆಂಡ್ ಸಾ ದಿ ಡಾಕ್ಟರ್' ಎಂದವನು ಮಾತ್ರ ಕಂಡೇ ಬಂದಿರಬೇಕು. ಮೊದಲನೆಯದು 'ನೋಡಲು ಹೋದೆನು', ಎರಡನೆಯದು 'ಹೋಗಿ ನೋಡಿದೆನು'. ನ್ಯಾಯಸ್ಥಾನದಲ್ಲಿ ಸಾಕ್ಷಿಯೊಬ್ಬನ ಹೇಳಿಕೆಯನ್ನು ಭಾಷಾಂತರ ಮಾಡುವವನು ಇವೆರಡನ್ನೂ ಒಂದೇ ಎಂದು ಎಣಿಸಿದರೆ, ಕಾಣದವನು ಕಂಡವನಾಗಿಬಿಡುತ್ತಾನೆ.

ಹೀಗೆಂದು 'ಆಂಡ್' ಬಂದಲ್ಲೆಲ್ಲ ಇಕಾರವನ್ನು ಹಾಕಿಕೊಂಡು ಹೋಗಲು ಬರುವಂತಿಲ್ಲ. 'ಟ್ರೈ ಆಂಡ್ ಕಮ್' ಎಂಬ ಮಾತನ್ನು 'ಪ್ರಯತ್ನಿಸಿ ಬಾ' ಎಂದರೆ ತಪ್ಪಾಯಿತು. ಅದು 'ಬರಲು ಪ್ರಯತ್ನಿಸು'. ಇಲ್ಲಿ ಬರುವುದು ಇನ್ನೂ ನಿಶ್ಚಯವಾಗಿಲ್ಲ. ಈ ಜೋಡಿಗೆ ಇನ್ನೊಂದು ವಿಚಿತ್ರ ಕಟ್ಟಳೆಯುಂಟು. ಎರಡು ಕ್ರಿಯಾಪದಗಳೂ ಪ್ರತ್ಯಯವಿಲ್ಲದೆ ಬರಿಯ ಮೈಯಲ್ಲಿದ್ದಾಗ ಮಾತ್ರ ಅದು ನಡೆಯುತ್ತದೆ. 'ಐ ವಿಲ್ ಟ್ರೈ ಆಂಡ್ ಕಮ್' ಸರಿ. 'ಹಿ ಟ್ರೈಸ್ ಆಂಡ್ ಕಮ್ಸ್' ಎನ್ನುವಂತಿಲ್ಲ. 'ಗೋ' ಎಂಬುದಕ್ಕೆ ಈ ಕಟ್ಟು ಇಲ್ಲ. 'ವೆಂಟ್ ಆಂಡ್ ಸಾ' ಎಂದು ಧಾರಾಳವಾಗಿ ಹೇಳಬಹುದು. ಆದರೆ ಅಮೆರಿಕದವರು 'ಆಂಡ್' ಎಂಬುದನ್ನೇ ನುಂಗಿ 'ಗೋ ಸೀ', 'ಕಮ್ ಗೆಟ್' ಎನ್ನುವಾಗ ಅಲ್ಲಿಯೂ ಇದೇ ಕಟ್ಟಳೆ ಬಂದುಬಿಡುತ್ತದೆ: 'ವೆಂಟ್ ಸಾ' ಎಂದು ಯಾರೂ ಹೇಳರು.

'ಟ್ರೈ ಆಂಡ್' ಎಂಬುದನ್ನು ಕಂಡೊಡನೆ ಕೆಂಪು ಶಾಯಿಯನ್ನು ಎತ್ತಿಕೊಳ್ಳುವ ಉಪಾಧ್ಯಾಯರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ಗಮನಕ್ಕೆ ಒಂದು ಮಾತು. ಇಂಗ್ಲೀಷ್ ಪ್ರಯೋಗಗಳ ವಿಷಯದಲ್ಲಿ ಬಹು ಕಟ್ಟುನಿಟ್ಟಿನವರೆಂದು ಹೆಸರಾದ ಫೌಲರ್ ಅವರು 1926ರಲ್ಲಿ ಹೊರಬಂದ ತಮ್ಮ ಪ್ರಯೋಗಕೋಶದಲ್ಲಿ ಇದನ್ನು ಹಳಿಯಬೇಕಾಗಿಲ್ಲವೆಂದು, ಸಹಜವಾಗಿ ಬಾಯಿಗೆ ಬಂದಾಗ ಬಳಸಬಹುದೆಂದು ಒಪ್ಪಿದ್ದಾರೆ. ಸರಕಾರಿ ಅರ್ಜಿಯಲ್ಲಿ 'ಟ್ರೈ ಟು' ಇರಲಿ. ಗೆಳೆಯನಿಗೆ ಬರೆಯುವ ಕಾಗದದಲ್ಲಿ 'ಟ್ರೈ ಆಂಡ್' ಇದ್ದರೆ ಅದನ್ನು ತಿದ್ದುವುದು ನಮಗಂತೂ ಅನ್ಯಾಯವೆಂದೇ ತೋರುತ್ತದೆ.

ಇನ್ನು 'ಗೋ ಆಂಡ್' ಎಂಬುದರ ಮತ್ತೊಂದು ಅವತಾರ. 'ಹಿ ಹ್ಯಾಸ್ ಗಾನ್ ಆಂಡ್ ಲಾಸ್ಟ್ ಹಿಸ್ ಅಂಬ್ರೆಲ್ಲ' ಎಂದು ಹೆಂಡತಿಯೊಬ್ಬಳು ಹೇಳಿದರೆ ಗಂಡನು ಎಲ್ಲಿಗೂ ಹೋಗಿರಬೇಕೆಂದಿಲ್ಲ, ಕುರ್ಚಿಯಲ್ಲಿಯೇ ಕುಳಿತಿರಬಹುದು. ಇಲ್ಲಿ 'ಗಾನ್' ಎಂಬುದಕ್ಕೆ ನಡೆಯುವ ಅರ್ಥವಿಲ್ಲ. ಬೇಸರ, ಆಶ್ಚರ್ಯ, 'ಇವನಿಗೆ ಇದು ಬೇಕಾಗಿತ್ತೆ' ಎಂಬ ಭಾವ, ಇಷ್ಟೇ. ಇದಕ್ಕೆ ಕನ್ನಡವೇನು? 'ಕೊಡೆಯನ್ನು ಕಳೆದುಕೊಂಡು ಕುಳಿತಿದ್ದಾನೆ!' ಅದೇ ಬೇಸರವನ್ನು ತೋರಿಸಲು ಇಂಗ್ಲೀಷರು ಹೋಗುತ್ತಾರೆ, ನಾವು ಕೂರುತ್ತೇವೆ. ಅವರು 'ವೆಂಟ್ ಆಂಡ್ ಟೋಲ್ಡ್' ಎನ್ನುವಲ್ಲಿ 'ಹೇಳಿಬಿಟ್ಟ' ಎಂಬ ನಮ್ಮ 'ಬಿಡು' ಧಾತುವೂ ಇದೇ ಕೆಲಸವನ್ನು ಮಾಡುತ್ತದೆ. ನಿಘಂಟನ್ನು ತೆರೆದು ಪದಕ್ಕೆ ಪದವನ್ನು ಜೋಡಿಸುವವನಿಗೆ ಈ ಹೊಂದಿಕೆ ಎಂದಿಗೂ ಸಿಕ್ಕುವುದಿಲ್ಲ.

ಎಚ್ಚರಿಕೆಯ ಮಾತುಗಳಲ್ಲಿ 'ಆಂಡ್' ಇನ್ನೂ ದೂರ ಸರಿದು 'ಆದರೆ' ಎಂಬ ಪಕ್ಷಾರ್ಥವನ್ನು ತಾಳುತ್ತದೆ. 'ಟಚ್ ದಟ್ ಆಂಡ್ ಯೂ ವಿಲ್ ಬರ್ನ್ ಯುವರ್ ಹ್ಯಾಂಡ್' ಎಂದು ತಾಯಿ ಮಗುವಿಗೆ ಹೇಳಿದಾಗ, ಆಕಾರದಲ್ಲಿ ಅದು 'ಮುಟ್ಟು' ಎಂಬ ವಿಧಿ, ಅರ್ಥದಲ್ಲಿ 'ಮುಟ್ಟಬೇಡ' ಎಂಬ ನಿಷೇಧ. 'ಮುಟ್ಟು ಮತ್ತು ಕೈ ಸುಟ್ಟುಕೊಳ್ಳುವೆ' ಎಂದು ಕನ್ನಡಿಸಿದರೆ ಮೊದಲ ಅರ್ಧವನ್ನು ಕೇಳಿ ಮಗು ಮುಟ್ಟಿಯೇಬಿಟ್ಟೀತು. 'ಮುಟ್ಟಿದೆಯೋ, ಕೈ ಸುಟ್ಟುಕೊಂಡೆ' ಎಂಬುದು ನಮ್ಮ ತಾಯಂದಿರ ಮಾತು. 'ಆರ್' ಎಂಬುದು ಇದರ ಮಗ್ಗುಲು: 'ಹರಿ ಅಪ್ ಆರ್ ಯೂ ವಿಲ್ ಮಿಸ್ ದಿ ಟ್ರೈನ್' ಎಂದರೆ 'ಬೇಗ ಹೊರಡು, ಇಲ್ಲವಾದರೆ ರೈಲು ತಪ್ಪುತ್ತದೆ'.

ಬಳಕೆಯಲ್ಲಿ ಹೆಪ್ಪುಗಟ್ಟಿದ ಜೋಡಿಗಳೂ ಹಲವುಂಟು. 'ಪಿಕ್ ಆಂಡ್ ಚೂಸ್' ಎಂಬಲ್ಲಿ ಎರಡೂ ಆರಿಸುವುದೇ; ಆದರೂ ತಿರುಗಿಸಿ ಹೇಳುವಂತಿಲ್ಲ. 'ಏಡ್ ಆಂಡ್ ಅಬೆಟ್' ಎಂಬುದು ವಕೀಲರ ಸೊತ್ತು. 'ವೇಟ್ ಆಂಡ್ ಸೀ' ಎಂಬುದಕ್ಕೆ ರಾಜಕೀಯದ ನಂಟೂ ಅಂಟಿಕೊಂಡಿದೆ: ಬ್ರಿಟಿಷ್ ಪ್ರಧಾನಮಂತ್ರಿ ಆಸ್ಕ್ವಿತ್ ಅವರು 1910ರಲ್ಲಿ ಪಾರ್ಲಿಮೆಂಟಿನಲ್ಲಿ ಈ ಉತ್ತರವನ್ನು ಕೊಟ್ಟರು, ವಿರೋಧಿಗಳು ಅದನ್ನೇ ಹಿಡಿದುಕೊಂಡು, ಕೈಕಟ್ಟಿ ಕುಳಿತ ಮಂತ್ರಿಯೆಂದು ಅವರನ್ನು ಹಾಸ್ಯಮಾಡಿದರು.

ಇಷ್ಟನ್ನೆಲ್ಲ ಕನ್ನಡದ ಶ್ರೋತೃಗಳ ಮುಂದೆ ಹೇಳುವುದಕ್ಕೆ ಕಾರಣವುಂಟು. ಇಂಗ್ಲೀಷಿನ ಜೋಡಿಗಳು ನಮ್ಮ ಭಾಷೆಯೊಳಗೆ 'ಮತ್ತು' ಎಂಬ ಬೆಣೆಯನ್ನು ಹೊಡೆಯುತ್ತಿವೆ. ಕೈಯಲ್ಲಿ ಹಿಡಿದ ದೂರವಾಣಿಯ ಪರದೆಯ ಮೇಲೆ 'ಪ್ರೆಸ್ ಆಂಡ್ ಹೋಲ್ಡ್' ಎಂಬ ಸೂಚನೆ 'ಒತ್ತಿ ಮತ್ತು ಹಿಡಿದುಕೊಳ್ಳಿ' ಎಂದು ಭಾಷಾಂತರವಾದರೆ, ಅಕ್ಷರ ಬಲ್ಲ ಮುದುಕಿ ಒಮ್ಮೆ ಒತ್ತಿ, ಬೆರಳನ್ನು ತೆಗೆದು, ಬಳಿಕ ಏನನ್ನು ಹಿಡಿದುಕೊಳ್ಳಬೇಕೆಂದು ಯೋಚಿಸುತ್ತಾಳೆ. 'ಒತ್ತಿ ಹಿಡಿಯಿರಿ' ಎಂದಿದ್ದರೆ ಬೆರಳು ತಾನಾಗಿ ಅಲ್ಲಿಯೇ ನಿಲ್ಲುತ್ತಿತ್ತು. 'ಬನ್ನಿ ಮತ್ತು ನೋಡಿ', 'ಓದಿ ಮತ್ತು ಉತ್ತರಿಸಿ' ಎಂಬ ಮಾತುಗಳನ್ನು ಬರೆಯುವವರು ಕನ್ನಡ ಬಾರದವರಲ್ಲ. ಮನೆಯಲ್ಲಿ 'ಬಂದು ನೋಡಿ' ಎಂದೇ ಹೇಳುವವರು.

ಇದಕ್ಕೆ ಪ್ರತಿಯಾಗಿ ನಾವೂ ಇಂಗ್ಲೀಷಿಗೆ ಒಂದು ಜೋಡಿಯನ್ನು ಕೊಟ್ಟಿದ್ದೇವೆನ್ನಬಹುದು. ಮನೆಯಿಂದ ಹೊರಡುವಾಗ 'ಹೋಗುತ್ತೇನೆ' ಎನ್ನುವುದು ನಮ್ಮಲ್ಲಿ ಶುಭವಲ್ಲ. 'ಹೋಗಿ ಬರುತ್ತೇನೆ' ಎನ್ನಬೇಕು. ಈ ಅಭ್ಯಾಸದವರು ಇಂಗ್ಲೀಷಿನಲ್ಲಿ 'ಐ ವಿಲ್ ಗೋ ಆಂಡ್ ಕಮ್' ಎನ್ನುತ್ತಾರೆ. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಕೇಳಿದ ಇಂಗ್ಲೀಷನಿಗೆ ಹೋಗುವುದೂ ಬರುವುದೂ ಸಮಸಮವಾಗಿ ಕಿವಿಗೆ ಬಿದ್ದು, ಈತನು ಎಲ್ಲಿಗೆ ಹೊರಟನು, ಎಷ್ಟು ಹೊತ್ತಿಗೆ ಬರುವನು ಎಂದು ಕಾಯತೊಡಗುತ್ತಾನೆ. ನಮ್ಮ ವಾಕ್ಯದಲ್ಲಿ ಹೋಗುವುದು ಅವ್ಯಯವಾಗಿ ಹಿಂದೆ ಸರಿದಿದೆ, ಬರುವುದೊಂದೇ ಕ್ರಿಯಾಪದವಾಗಿ ನಿಂತಿದೆ ಎಂಬುದು ಆತನಿಗೆ ತಿಳಿಯುವ ಬಗೆ ಇಲ್ಲ.