ಗುದ್ದಲಿ ಪೂಜೆಗೆ ಮೊದಲಿನ ಒಂದು ವರ್ಷ



ಸ್ವಂತ ಮನೆಯನ್ನು ಕಟ್ಟಬೇಕೆಂಬ ಸಂಕಲ್ಪವು ಮನಸ್ಸಿನಲ್ಲಿ ಮೂಡಿದೊಡನೆ ಗೃಹಸ್ಥನಾದವನು ಮೊದಲು ವಿಚಾರಿಸುವುದು ಸಾಲವನ್ನು, ತರುವಾಯ ಮುಹೂರ್ತವನ್ನು, ಅದಕ್ಕೂ ತರುವಾಯ ಮೇಸ್ತ್ರಿಯನ್ನು. ನಿವೇಶನದ ಖಾತೆಯು ತನ್ನ ಹೆಸರಿಗಾಗಿ, ನಕ್ಷೆಗೆ ಪುರಸಭೆಯ ಮುದ್ರೆ ಬಿದ್ದು, ಗುದ್ದಲಿ ಪೂಜೆಯ ತೆಂಗಿನಕಾಯಿ ಒಡೆದ ಗಳಿಗೆಯಿಂದ ಮನೆಯ ಕಾರ್ಯ ಆರಂಭವಾಯಿತೆಂದು ನಾವೆಲ್ಲರೂ ಲೆಕ್ಕ ಹಿಡಿಯುತ್ತೇವೆ. ಆದರೆ ಮುಹೂರ್ತವೆಂಬುದು ಈ ವ್ಯವಹಾರದಲ್ಲಿ ಬಹಳ ತಡವಾಗಿ ಬರತಕ್ಕ ಸಂಗತಿಯೆಂಬುದು ಜ್ಯೋತಿಶ್ಶಾಸ್ತ್ರದ ಆಚಾರ್ಯರಿಗೇ ಸಮ್ಮತವಾಗಿತ್ತು ಎಂದರೆ ಕೆಲವರಿಗೆ ಆಶ್ಚರ್ಯವಾದೀತು.

ಕ್ರಿ.ಶ. 6ನೆಯ ಶತಮಾನದಲ್ಲಿ ಅವಂತಿ ದೇಶದಲ್ಲಿದ್ದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಾಸ್ತುವಿದ್ಯೆಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಮನೆಯಾಗಬೇಕಾದ ನೆಲದ ನಡುವೆ ಒಂದು ಮೊಳದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮರಳಿ ತುಂಬಿದಾಗ ಮಣ್ಣು ಮಿಕ್ಕರೆ ಆ ಭೂಮಿ ಉತ್ತಮ, ಸರಿಹೋದರೆ ಮಧ್ಯಮ, ಸಾಲದೆ ಹೋದರೆ ಅನಿಷ್ಟ. ಇಲ್ಲವೆ ಗುಂಡಿಯಲ್ಲಿ ನೀರು ತುಂಬಿ, ನೂರು ಹೆಜ್ಜೆ ನಡೆದು ಹಿಂದಿರುಗುವುದರೊಳಗೆ ನೀರು ಇಳಿಯದಿದ್ದರೆ ಒಳ್ಳೆಯದು ಎಂದು ಅವನು ಹೇಳುತ್ತಾನೆ. ಗಟ್ಟಿ ನೆಲವನ್ನು ಅಗೆದರೆ ಮಣ್ಣು ಸಡಿಲಗೊಂಡು ಉಬ್ಬುವುದೂ, ಎಲ್ಲಿಂದಲೋ ತಂದು ಸುರಿದ ಪೊಳ್ಳು ಮಣ್ಣಾದರೆ ತುಂಬುವಾಗ ಅಡಕವಾಗಿ ಗುಂಡಿಗೆ ಸಾಲದೆ ಹೋಗುವುದೂ ಸಹಜವಾದುದರಿಂದ, ಮುಚ್ಚಿದ ಕೆರೆಯ ಅಂಗಳದಲ್ಲಿ ನಿವೇಶನ ಕೊಂಡವರಿಗೆ ಈ ಪರೀಕ್ಷೆ ಇಂದಿಗೂ ಅಪ್ರಿಯವಾದ ಸತ್ಯವನ್ನೇ ನುಡಿದೀತು. ಆದರೆ ಆಚಾರ್ಯನ ಅತ್ಯಂತ ಅರ್ಥಗರ್ಭಿತವಾದ ಮಾತು ಮುಂದೆ ಬರುತ್ತದೆ: ಉಳಲ್ಪಟ್ಟು, ಬೀಜ ಬೆಳೆದು, ಗೋವುಗಳು ತಂಗಿದ್ದ ಭೂಮಿಯನ್ನು ಗೃಹಪತಿಯು ದೈವಜ್ಞನು ಸೂಚಿಸಿದ ಕಾಲದಲ್ಲಿ ಸೇರಬೇಕಂತೆ. ಉಳುವುದಕ್ಕೆ ಒಂದು ಹದ, ಬೆಳೆಯುವುದಕ್ಕೆ ಒಂದು ಮಳೆ, ದನ ಕಟ್ಟುವುದಕ್ಕೆ ಕೊಯ್ಲಾದ ಮೇಲಿನ ದಿನಗಳು. ಇಷ್ಟು ಕಳೆದ ಮೇಲಷ್ಟೆ ದೈವಜ್ಞನ ಸರದಿ.

ಹಾಗೆಂದು ಪ್ರಾಚೀನರ ಪರೀಕ್ಷೆಯೊಂದನ್ನೇ ನೆಚ್ಚತಕ್ಕದ್ದಲ್ಲ. ಬಿಜಾಪುರ, ಧಾರವಾಡ ಸೀಮೆಗಳ ಎರೆಭೂಮಿಯಲ್ಲಿ ಮಳೆಗಾಲದ ಒಂದು ದಿನ ಗುಂಡಿ ತೋಡಿ ನೀರು ನಿಲ್ಲಿಸಿದರೆ ಅದು ಇಳಿಯದೆ ನಿಂತು, ಭೂಮಿ ಶ್ರೇಷ್ಠವೆಂಬ ಭ್ರಮೆಯನ್ನು ಹುಟ್ಟಿಸೀತು; ಆದರೆ ಅದೇ ಎರೆಮಣ್ಣು ಶ್ರಾವಣದಲ್ಲಿ ನೀರುಂಡು ಉಬ್ಬಿ, ವೈಶಾಖದಲ್ಲಿ ಕೈ ತೂರುವಷ್ಟು ಅಗಲವಾಗಿ ಬಿರಿದು, ಆಳವಿಲ್ಲದ ಪಾಯದ ಮೇಲೆ ನಿಂತ ಗೋಡೆಗಳನ್ನು ಸೀಳಿಬಿಡುತ್ತದೆ. ಆ ನೆಲದ ಎರಡು ಮುಖಗಳನ್ನೂ ಕಾಣಬೇಕಾದರೆ ಎರಡು ಋತುಗಳಲ್ಲಿಯೂ ಅದರ ಮೇಲೆ ನಡೆದಾಡಿರಬೇಕು.

ನಮ್ಮ ಹಿರಿಯರು ಇಂಥ ದೀರ್ಘಾಲೋಚನೆಯನ್ನು ವಿವೇಕದಿಂದಲೇ ಮಾಡುತ್ತಿದ್ದರೆಂದು ಹೊಗಳುವ ಹವ್ಯಾಸ ನನಗಿಲ್ಲ. ಅವರನ್ನು ಕಾಯುವಂತೆ ಮಾಡುತ್ತಿದ್ದುದು ಸಾಮಗ್ರಿ. ಮಲೆನಾಡಿನಲ್ಲಿ ಮನೆ ಕಟ್ಟಬೇಕೆಂದವನು ಹಲಸಿನ ಮರವನ್ನೋ ಸಾಗುವಾನಿಯನ್ನೋ ಕಡಿಸಿ, ಕೊಯ್ಸಿ, ಆ ಮೋಪು ಕೊಟ್ಟಿಗೆಯ ನೆರಳಿನಲ್ಲಿ ಒಂದು ಬೇಸಿಗೆಯನ್ನಾದರೂ ಕಳೆದು ಒಣಗುವ ತನಕ ಬಡಗಿಯನ್ನು ಕರೆಯುವಂತಿರಲಿಲ್ಲ. ಸುಟ್ಟ ಸುಣ್ಣವನ್ನು ಹೊಂಡದಲ್ಲಿ ಅರಳಿಸಿ ನೆನೆಹಾಕಿ, ಮರಳಿನೊಡನೆ ಎತ್ತಿನ ಗಾಣದಲ್ಲಿ ಅರೆಸಿ, ಕೆಲವೆಡೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸಿ ಹದಮಾಡಿದ ಮೇಲೆ ಗಾರೆಯೆನಿಸಿಕೊಳ್ಳುತ್ತಿತ್ತು. ಕರಾವಳಿಯ ಮುರಕಲ್ಲನ್ನು ಕಡಿದೊಡನೆ ಗೋಡೆಗೇರಿಸದೆ, ಗಾಳಿಗೊಡ್ಡಿ ಗಡುಸಾಗಲು ಬಿಡುತ್ತಿದ್ದರು. ಬಾವಿಯನ್ನು ತೋಡುವುದಾದರೆ ಅಂತರ್ಜಲ ಅತ್ಯಂತ ಕೆಳಗಿರುವ ಚೈತ್ರ ವೈಶಾಖಗಳಲ್ಲೇ ತೋಡಬೇಕು. ಕಟ್ಟಡಕ್ಕೆ ನೀರು ಬೇಕಾದುದರಿಂದ ಬಾವಿ ಮನೆಗಿಂತ ಮೊದಲು ಸಿದ್ಧವಾಗಿರಬೇಕು. ದೀಪಾವಳಿ ಕಳೆದ ಮೇಲೆ ಪಾಯ ತೆಗೆದು, ಮೃಗಶಿರಾ ಮಳೆ ಹಿಡಿಯುವ ಮುನ್ನ ಹಂಚು ಹೊದಿಸಬೇಕೆಂಬ ಕಟ್ಟುಪಾಡು ಅಲ್ಲಿ ಯಾವ ಗ್ರಂಥದಿಂದಲೂ ಬಂದುದಲ್ಲ. ಹೀಗೆ ಮರ ಒಣಗುವ, ಸುಣ್ಣ ನೆನೆಯುವ, ಕಲ್ಲು ಗಡುಸಾಗುವ ಅವಧಿಯಲ್ಲಿ ಯಜಮಾನನು ಜಗಲಿಯ ಮೇಲೆ ಕುಳಿತು ಅಡುಗೆಮನೆ ಎಲ್ಲಿ, ಬಚ್ಚಲು ಎಲ್ಲಿ, ಭತ್ತದ ಪಣತ ಎಲ್ಲಿ ಎಂದು ಹೆಂಡತಿಯೊಡನೆ ಚರ್ಚಿಸಿ, ಮೊದಲ ಯೋಚನೆಯನ್ನು ಹತ್ತು ಸಲ ಕೆಡಹಿ ಕಟ್ಟಿಯಾಗುತ್ತಿತ್ತು. ಮನಸ್ಸಿನೊಳಗೆ ಗೋಡೆಯನ್ನು ಕೆಡಹುವುದಕ್ಕೆ ಖರ್ಚಿಲ್ಲವಷ್ಟೆ.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಮನೆಯ ಮಾಡು ಸಿದ್ಧವಸ್ತುವಾಗಿ ದೊರೆಯತೊಡಗಿತು; ಸಿಮೆಂಟು, ಕಬ್ಬಿಣ, ಅಚ್ಚಿನ ಇಟ್ಟಿಗೆಗಳು ಕ್ರಮೇಣ ಹಿಂಬಾಲಿಸಿದವು. ಈಗ ಒಂದು ಫೋನಿಗೆ ಸಮಸ್ತವೂ ಲಾರಿಯಲ್ಲಿ ಬಂದಿಳಿಯುತ್ತದೆ. ಮೋಲ್ಡು ಹಾಕಿದ ಕಾಂಕ್ರೀಟಿನ ಬಲವನ್ನು 28ನೆಯ ದಿನಕ್ಕೆ ಅಳೆಯುವ ಪದ್ಧತಿಯೊಂದೇ ಹಳೆಯ ತಾಳ್ಮೆಯ ಅವಶೇಷವಾಗಿ ಉಳಿದಿದ್ದು, ಸಾಕಷ್ಟು ಬಲ ಕೂಡುವ ಮುಂಚೆಯೇ ಸೆಂಟ್ರಿಂಗ್ ಬಿಚ್ಚಿಸುವ ಆತುರಗಾರರು ಅಲ್ಲಲ್ಲಿ ಕಾಣಸಿಗುತ್ತಾರೆ. ಈ ಸೌಲಭ್ಯವನ್ನು ನಾನು ಹಳಿಯುತ್ತಿಲ್ಲ. ಸಾಮಗ್ರಿಯ ಸಲುವಾಗಿ ಕಾಯಬೇಕಾದ ಅಗತ್ಯ ಹೋದಾಗ ಅದರ ಬೆನ್ನಿಗೆ ಆಲೋಚನೆಯ ಕಾಲವೂ ಹೊರಟುಹೋಯಿತೆಂಬುದನ್ನು ಮಾತ್ರ ಗಮನಿಸಬೇಕು. ಸಾಮಗ್ರಿ ಇಂದು ಕೊಡದ ಆ ವರ್ಷವನ್ನು ಮನೆ ಕಟ್ಟುವವನೇ ತನಗೆ ತಾನು ಕೊಟ್ಟುಕೊಳ್ಳಬೇಕಾಗಿದೆ.

ಆ ವರ್ಷದಲ್ಲಿ ಮಾಡತಕ್ಕದ್ದೇನೆಂದರೆ, ಮುಖ್ಯವಾಗಿ ನೋಡುವುದು. ಸೂರ್ಯನನ್ನೇ ತೆಗೆದುಕೊಳ್ಳಿ. ಬೆಂಗಳೂರು ಭೂಮಧ್ಯರೇಖೆಯಿಂದ ಸುಮಾರು 13 ಅಂಶ ಉತ್ತರಕ್ಕಿದೆ; ಸೂರ್ಯನಾದರೋ ಇಪ್ಪತ್ತಮೂರೂವರೆ ಅಂಶದವರೆಗೆ ಉತ್ತರಕ್ಕೆ ಸರಿಯುವುದರಿಂದ, ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅಲ್ಲಿ ನಡುಹಗಲಿನ ಬಿಸಿಲು ಬೀಳುವುದು ಉತ್ತರದ ಗೋಡೆಯ ಮೇಲೆ. ಧನುರ್ಮಾಸದ ಒಂದು ಪ್ರಾತಃಕಾಲ ನಿವೇಶನವನ್ನು ನೋಡಿಬಂದು, ಬಿಸಿಲೆಲ್ಲ ದಕ್ಷಿಣದಿಂದಲೇ ಬರುವುದೆಂದು ನಂಬಿ, ಉತ್ತರದ ಕಿಟಕಿಗಳಿಗೆ ಸಜ್ಜಾ ಬೇಡವೆಂದವನು ಮೇ ತಿಂಗಳಿನಲ್ಲಿ ಪರದೆಯ ಅಂಗಡಿಗೆ ಅಲೆಯುತ್ತಾನೆ. ಮಳೆಯೂ ಹಾಗೆಯೇ: ನೂರು ಚದರ ಮೀಟರಿನ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆಯಾದರೆ ಬಿದ್ದ ನೀರು 5000 ಲೀಟರ್, ಅದು ಸಂಪಿಗೆ ಇಳಿಯಬೇಕೋ, ಹಿತ್ತಲಿನ ಇಂಗುಗುಂಡಿಗೋ ಎಂಬುದನ್ನು ಪಾಯಕ್ಕೆ ಮುಂಚೆ ನಿಶ್ಚಯಿಸಿದರೆ ಕೊಳವೆಯ ಖರ್ಚು ಅಲ್ಪ, ನೆಲಕ್ಕೆ ಗ್ರಾನೈಟು ಹಾಸಿದ ಮೇಲೆ ನಿಶ್ಚಯಿಸಿದರೆ ಅದರ ಕಥೆ ಬೇರೆ.

ಇನ್ನು ವಯಸ್ಸಿನ ಮಾತು. ನೌಕರಿಯ ಮಂದಿ ನಿವೃತ್ತಿಯ ಹಣ ಕೈಸೇರಿದ ಮೇಲೆ ಮನೆಯ ಯೋಚನೆಗೆ ತೊಡಗುವುದು ರೂಢಿ. ಹಾಗೆ ತೊಡಗಿದವರು ಅಮೆರಿಕದಲ್ಲಿ ನೆಲೆಸಿದ ಮಕ್ಕಳಿಗಾಗಿ ಮಹಡಿಯ ಮೇಲೆ ಎರಡು ಕೋಣೆಗಳನ್ನೂ, ತಮ್ಮ ಮೊಣಕಾಲುಗಳು ಏರಲಾರದ ಮೆಟ್ಟಿಲುಗಳನ್ನೂ ಕಟ್ಟಿಸುತ್ತಾರೆ. ಹಣ ಅರವತ್ತಕ್ಕೇ ಬರಲಿ, ನಕ್ಷೆಯ ಚರ್ಚೆಯನ್ನು ನಲವತ್ತರಲ್ಲಿ ಆರಂಭಿಸುವುದಕ್ಕೆ ಬ್ಯಾಂಕಿನ ಅಪ್ಪಣೆ ಬೇಕಿಲ್ಲ.

ಬರುವ ಕಾರ್ತಿಕದಲ್ಲಿ ಪಾಯ ತೆಗೆಸಬೇಕೆಂದಿರುವವರು ಈ ಚೈತ್ರದಲ್ಲೇ ನೆರೆಯವರ ಬಾವಿಯನ್ನೋ ಕೊಳವೆಬಾವಿಯನ್ನೋ ವಿಚಾರಿಸಿಕೊಳ್ಳಲಿ, ವೈಶಾಖದ ಮಧ್ಯಾಹ್ನವೊಂದರಲ್ಲಿ ನಿವೇಶನದ ನಡುವೆ ಅರ್ಧ ಗಂಟೆ ನಿಂತು ಬರಲಿ. ಆಷಾಢವು ಶುಭಕಾರ್ಯಗಳಿಗೆ ವರ್ಜ್ಯವೆಂದು ಪುರೋಹಿತರು ಪಂಚಾಂಗವನ್ನು ಮುಚ್ಚಿಡುತ್ತಾರೆ. ಆದರೆ ಆ ತಿಂಗಳ ಜಡಿಮಳೆಯಲ್ಲಿ ಕೊಡೆ ಹಿಡಿದು ಹೋಗಿ, ಬೀದಿಯ ನೀರು ನಮ್ಮ ನಿವೇಶನದೊಳಕ್ಕೆ ಬರುವುದೋ ಹೊರಕ್ಕೆ ಹೋಗುವುದೋ ಎಂದು ನೋಡಿಕೊಂಡು ಬರುವುದಕ್ಕೆ ಯಾವ ಶಾಸ್ತ್ರದ ನಿಷೇಧವೂ ಇದ್ದಂತಿಲ್ಲ.