ಕಡಲೆಕಾಯಿಯ ಬೂಷ್ಟು ಮತ್ತು ಒಡಲೊಳಗಿನ ಗಾಯ



ಕಡಲೆಕಾಯಿ ಕೀಳುವ ಹೊತ್ತಿಗೆ ಸರಿಯಾಗಿ ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಏನಾಗುತ್ತದೆ ಎಂಬುದನ್ನು ಪಾವಗಡ, ಚಳ್ಳಕೆರೆ, ಶಿರಾ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಾಶಿಯೊಳಗೆ ಕೈಯಿಟ್ಟರೆ ಬಿಸಿ ತಗಲುತ್ತದೆ. ಕಾಯಿ ಒಡೆದರೆ ಬೀಜದ ಮೇಲೆ ಹಳದಿ ಬೆರೆತ ಹಸಿರು ಪುಡಿ ಕಾಣುತ್ತದೆ. ಒಳ್ಳೆಯ ಕಾಯನ್ನು ಮಂಡಿಗೆ ಕಳಿಸಿ, ಕೆಟ್ಟದ್ದನ್ನು ಮನೆಯ ಖರ್ಚಿಗೋ ದನಕ್ಕೋ ಇಟ್ಟುಕೊಳ್ಳುವ ಮನೆಗಳು ಬಹಳ. "ಎಸೆಯೋದಕ್ಕೆ ಮನಸ್ಸು ಬರೋದಿಲ್ಲ" ಅನ್ನುತ್ತಾರೆ. ಈ ಕೆಟ್ಟ ಬೀಜ ನಮ್ಮ ಒಡಲೊಳಗೆ ಹೋಗಿ ಏನು ಮಾಡುತ್ತದೆ ಎಂಬುದೇ ಈ ಹೊತ್ತಿನ ಮಾತು.

ಆ ಹಸಿರು ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಅದು ಬೆಳೆಯುವಾಗ ಒಂದು ವಿಷವನ್ನು ಹುಟ್ಟಿಸುತ್ತದೆ. ಅದೇ ಅಫ್ಲಟಾಕ್ಸಿನ್. ಇದರ ಗುಟ್ಟು ರಟ್ಟಾದದ್ದು 1960ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗವೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಕೊನೆಗೆ ನೋಡಿದರೆ, ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲೇ ವಿಷವಿತ್ತು!

ನಮ್ಮ ದೇಶಕ್ಕೂ ಇದು ಹೊಸದಲ್ಲ. 1974ರಲ್ಲಿ ರಾಜಸ್ಥಾನದ ಬಾಂಸ್ವಾರಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಉಂಡು ಜನರಿಗೆ ಕಾಮಾಲೆಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದೇ ಅನ್ನ ತಿಂದ ಮನೆಯ ನಾಯಿಗಳಿಗೂ ಅದೇ ಗತಿಯಾಯಿತು.

ಇದು ಒಮ್ಮೆಗೇ ಬಹಳ ವಿಷ ತಿಂದವರ ಕಥೆ. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ತಿಂದರೆ? ಆಗ ಕೆಡುಕು ನಿಧಾನ, ಆದರೆ ಆಳ. ಅದನ್ನು ತಿಳಿಯಬೇಕಾದರೆ ದೇಹದ ಒಳಗಿನ ಒಂದು ಏಣಿಯನ್ನು ನೋಡಬೇಕು.

ನಮ್ಮ ದೇಹ ಕೋಟ್ಯಂತರ ಜೀವಕೋಶಗಳಿಂದ ಆಗಿದೆ. ಪ್ರತಿ ಕೋಶದ ನಡುವೆ ಡಿ.ಎನ್.ಎ. ಎಂಬ ಬಹು ಉದ್ದದ ನೂಲು ಇದೆ. ಇದರ ಆಕಾರವನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬವರು ತಿಳಿಸಿದರು. ರೋಸಲಿಂಡ್ ಫ್ರಾಂಕ್ಲಿನ್ ಎಂಬ ವಿದುಷಿಯ ಎಕ್ಸ್-ಕಿರಣದ ಚಿತ್ರ ಅದಕ್ಕೆ ದಾರಿ ತೋರಿತು. ನೂಲೇಣಿಯನ್ನು ಎರಡು ಕೈಯಲ್ಲಿ ಹಿಡಿದು ಹುರಿ ಮಾಡಿದರೆ ಹೇಗೆ ಕಾಣುತ್ತದೆಯೋ ಹಾಗೆಯೇ ಇದೆ ಇದು. ಏಣಿಯ ಎರಡು ಪಕ್ಕದ ಹಗ್ಗಗಳು ಸಕ್ಕರೆ ಮತ್ತು ರಂಜಕದವು. ನಡುವಿನ ಮೆಟ್ಟಿಲುಗಳು ನಾಲ್ಕು ಬಗೆಯ ಅಕ್ಷರಗಳವು: ಅಡೆನೀನ್, ಥೈಮೀನ್, ಗ್ವಾನೀನ್, ಸೈಟೊಸೀನ್. ಅಡೆನೀನ್‌ಗೆ ಥೈಮೀನೇ ಜೋಡಿ, ಗ್ವಾನೀನ್‌ಗೆ ಸೈಟೊಸೀನೇ ಜೋಡಿ. ಇಂಥ ಸುಮಾರು 300 ಕೋಟಿ ಮೆಟ್ಟಿಲುಗಳಲ್ಲಿ ದೇಹದ ಲೆಕ್ಕವೆಲ್ಲ ಬರೆದಿದೆ. ಕೋಶ ಎರಡಾಗುವಾಗ ಈ ಲೆಕ್ಕ ಪೂರ್ತಿ ನಕಲಾಗಬೇಕು.

ಈಗ ವಿಷದ ಕೆಲಸ ನೋಡಿ. ಹೊಟ್ಟೆಗೆ ಹೋದ ಅಫ್ಲಟಾಕ್ಸಿನ್ ಯಕೃತ್ತಿಗೆ, ಅಂದರೆ ಈಲಿಗೆ ಸೇರುತ್ತದೆ. ಹೊರಗಿನಿಂದ ಬಂದದ್ದನ್ನು ಕರಗಿಸಿ ಹೊರಹಾಕುವುದು ಈಲಿಯ ಧರ್ಮ. ಅದಕ್ಕಾಗಿ ಅದು ಈ ವಿಷಕ್ಕೆ ಒಂದು ಆಮ್ಲಜನಕದ ಕಣವನ್ನು ಸೇರಿಸುತ್ತದೆ. ಅಲ್ಲೇ ಎಡವಟ್ಟು! ಹಾಗೆ ಸೇರಿದೊಡನೆ ವಿಷಕ್ಕೆ ಮುಳ್ಳಿನಂಥ ಮೊನೆ ಬರುತ್ತದೆ. ಆ ಮೊನೆಯ ವಿಷ ಏಣಿಯ ಎರಡು ಮೆಟ್ಟಿಲುಗಳ ನಡುವೆ ಚಪ್ಪಟೆಯಾಗಿ ನುಗ್ಗಿ, ಗ್ವಾನೀನಿನ ಏಳನೆಯ ಸ್ಥಾನದಲ್ಲಿರುವ ಸಾರಜನಕಕ್ಕೆ ಕಚ್ಚಿಕೊಳ್ಳುತ್ತದೆ. ಮರದ ಸೀಳಿನಲ್ಲಿ ಬೆಣೆ ಹೊಡೆದಂತೆ ಮೆಟ್ಟಿಲುಗಳು ಸರಿದು ಏಣಿಯ ಹುರಿ ಅಲ್ಲಿ ಸಡಿಲವಾಗುತ್ತದೆ.

ಮುಂದೆ ಈ ಗಾಯ ಎರಡು ದಾರಿ ಹಿಡಿಯಬಹುದು. ಕಚ್ಚಿಸಿಕೊಂಡ ಗ್ವಾನೀನಿಗೂ ಸಕ್ಕರೆಯ ಹಗ್ಗಕ್ಕೂ ಇರುವ ಗಂಟು ದುರ್ಬಲವಾಗಿ, ಗ್ವಾನೀನ್ ವಿಷದೊಡನೆ ಕಳಚಿ ಬೀಳಬಹುದು. ಆಗ ಅಲ್ಲಿ ಅಕ್ಷರವಿಲ್ಲದ ಬರಿ ತಾಣ ಉಳಿಯುತ್ತದೆ. ಇಲ್ಲವೆ, ಗ್ವಾನೀನಿನಲ್ಲಿರುವ ಎರಡು ಬಳೆಗಳಲ್ಲಿ ಚಿಕ್ಕ ಬಳೆ ಒಡೆದು ತೆರೆದುಕೊಂಡು, ವಿಷ ಅಲ್ಲೇ ಭದ್ರವಾಗಿ ಕೂರಬಹುದು. ಈ ಎರಡನೆಯ ಗಾಯ ಹಟಮಾರಿ. ಬಹಳ ದಿನ ಉಳಿಯುತ್ತದೆ.

ದೇಹ ಸುಮ್ಮನೆ ಕೂತಿರುವುದಿಲ್ಲ. ಗಾಯವಿರುವ ಕಡೆ ಒಂದು ಹಗ್ಗದಿಂದ ಸುಮಾರು 30 ಅಕ್ಷರಗಳ ತುಂಡನ್ನು ಕತ್ತರಿಸಿ ತೆಗೆದು, ಎದುರು ಹಗ್ಗವನ್ನು ನೋಡಿಕೊಂಡು ಹೊಸದಾಗಿ ತುಂಬುತ್ತದೆ. ಇಂಥ ದುರಸ್ತಿಯ ಬಗೆಗಳನ್ನು ಬಿಡಿಸಿ ತೋರಿಸಿದ ಲಿಂಡಾಲ್, ಮಾಡ್ರಿಚ್, ಸಂಜಾರ್ ಎಂಬ ಮೂವರಿಗೆ 2015ರಲ್ಲಿ ರಸಾಯನ ಶಾಸ್ತ್ರದ ನೊಬೆಲ್ ಬಹುಮಾನ ಬಂತು. ಆದರೆ ದಿನಾ ಹೊಸ ಗಾಯ ಬೀಳುತ್ತಿದ್ದರೆ ದುರಸ್ತಿಯವನಾದರೂ ಎಷ್ಟು ಕಡೆ ಓಡಿಯಾನು? ದುರಸ್ತಿಗೆ ಮುಂಚೆಯೇ ನಕಲು ಶುರುವಾದರೆ, ಗ್ವಾನೀನ್ ಇರಬೇಕಾದ ಕಡೆ ಥೈಮೀನ್ ಬಂದು ಕೂರುತ್ತದೆ. ಖಾತೆಯ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿತೆಂದರೆ, ಆಮೇಲಿನ ನಕಲುಗಳೆಲ್ಲ ಅದೇ ತಪ್ಪನ್ನು ಹೊತ್ತುಕೊಂಡು ಹೋಗುವುದಿಲ್ಲವೆ? ಹಾಗೆಯೇ ಇದು.

ಕೋಶಗಳು ಅಂಕೆ ಮೀರಿ ಬೆಳೆಯದಂತೆ ಕಾವಲು ಕಾಯುವ ಪಿ-53 ಎಂಬ ಬರಹವೊಂದಿದೆ. ಬೂಷ್ಟಿನ ಆಹಾರ ಹೆಚ್ಚಾಗಿದ್ದ ಚೀನ ಮತ್ತು ದಕ್ಷಿಣ ಆಫ್ರಿಕದ ಪ್ರದೇಶಗಳ ಈಲಿ ಕ್ಯಾನ್ಸರ್ ರೋಗಿಗಳಲ್ಲಿ ಅನೇಕರಿಗೆ ಈ ಬರಹದ 249ನೆಯ ಪದದಲ್ಲೇ ಇಂಥ ತಪ್ಪು ಆಗಿರುವುದು 1991ರಲ್ಲಿ ಕಂಡುಬಂತು. ಕಾವಲುಗಾರನೇ ಕುರುಡಾದ ಮೇಲೆ ಹೊಲಕ್ಕೆ ದನ ನುಗ್ಗದೆ ಇರುತ್ತದೆಯೆ?

"ಹುರಿದರೆ ವಿಷ ಹೋಗೋದಿಲ್ಲವೆ?" ಎಂದು ಕೇಳಬಹುದು. ಹುರಿದರೆ ಸ್ವಲ್ಪ ತಗ್ಗೀತು, ಪೂರ್ತಿ ಹೋಗದು. ಬೇಯಿಸಿದರೂ ಅಷ್ಟೆ. ಬೂಷ್ಟನ್ನು ಒರೆಸಿ ತೆಗೆದರೂ ಒಳಗಿಳಿದ ವಿಷ ಬೀಜದಲ್ಲೇ ಇರುತ್ತದೆ. "ಹಾಗಾದರೆ ದನಕ್ಕೆ ಹಾಕೋಣ" ಎಂದರೆ, ಹಸು ತಿಂದ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ. ಆ ಹಾಲು ಕುಡಿಯುವುದು ನಮ್ಮ ಮಕ್ಕಳೇ. ಎಣ್ಣೆ ತೆಗೆದಾಗ ವಿಷದ ಹೆಚ್ಚು ಪಾಲು ಹಿಂಡಿಯಲ್ಲೇ ಉಳಿಯುತ್ತದೆ ಎಂಬುದನ್ನೂ ಮರೆಯಬೇಡಿ.

ಆದ್ದರಿಂದ ಈ ಕೆಲಸಗಳನ್ನು ತಪ್ಪದೆ ಮಾಡಿ. ಕಾಯಿ ಬಲಿತ ಕೂಡಲೆ ಕೀಳಿರಿ. ಬಲಿತ ಮೇಲೆ ಒಣ ನೆಲದಲ್ಲಿ ಬಿಟ್ಟಷ್ಟೂ ಬೂಷ್ಟಿಗೆ ಅನುಕೂಲ. ಗುದ್ದಲಿ ಪೆಟ್ಟು ತಗಲಿದ, ಹುಳು ಕೊರೆದ ಕಾಯಿಗಳನ್ನು ಆಗಲೇ ಬೇರೆ ಮಾಡಿ. ಕಿತ್ತ ಗಿಡವನ್ನು ಕಾಯಿ ಮೇಲಕ್ಕೆ ಬರುವಂತೆ ತಿರುಗಿಸಿ ಒಣಗಿಸಿ. ಹಸಿಯಾಗಿ ಗುಡ್ಡೆ ಹಾಕಬೇಡಿ. ಬಿಡಿಸಿದ ಕಾಯನ್ನು ತೆಳುವಾಗಿ ಹರವಿ, ತೇವ ನೂರಕ್ಕೆ 8ರಷ್ಟಕ್ಕೆ ಇಳಿಯುವವರೆಗೂ ಒಣಗಿಸಿ. ಕಾಯಿ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಸುಲಿಯಲು ಸುಲಭವೆಂದು ಕಾಯಿಗೆ ನೀರು ಚಿಮುಕಿಸುವ ರೂಢಿಯನ್ನು ಬಿಟ್ಟುಬಿಡಿ.

ತಾಯಂದಿರೇ, ಬೀಜ ಆರಿಸುವಾಗ ಸುಕ್ಕಿದ್ದು, ಬಣ್ಣ ಕೆಟ್ಟದ್ದು, ಮುಗ್ಗಲು ವಾಸನೆಯದು ಒಂದನ್ನೂ ಡಬ್ಬಿಗೆ ಹಾಕಬೇಡಿ. ಮಕ್ಕಳ ಬಾಯಿಗೆ ಕಹಿ ಬೀಜ ಸಿಕ್ಕರೆ ಉಗಿಯಲು ಹೇಳಿ. ಇನ್ನೊಂದು ಮಾತು: ಹೆಪಟೈಟಿಸ್-ಬಿ ಎಂಬ ಕಾಮಾಲೆ ಇದ್ದವರಿಗೆ ಈ ವಿಷ ಹಲವು ಪಟ್ಟು ಅಪಾಯಕಾರಿ. ಅದಕ್ಕೆ ಲಸಿಕೆ ಇದೆ. ಕೂಸು ಹುಟ್ಟಿದ 24 ಗಂಟೆಯೊಳಗೆ ಹಾಕಿಸಿ.

ಒಂದು ಮೊರ ಕೆಟ್ಟ ಬೀಜವನ್ನು ತಿಪ್ಪೆಗೆ ಸುರಿಯುವಾಗ ಕೈ ಹಿಂಜರಿಯುವುದು ಸಹಜ. ಬೆವರು ಸುರಿಸಿ ಬೆಳೆದದ್ದಲ್ಲವೆ? ಆದರೆ ಅದನ್ನು ಉಂಡು ತೆರಬೇಕಾದ ಬೆಲೆ ಅದಕ್ಕಿಂತ ಬಹಳ ದೊಡ್ಡದು. ಎರಡು ದಿನ ಹೆಚ್ಚು ಬಿಸಿಲು ಕಾಯಿಸಿ; ಮನೆಮಂದಿಯ ಈಲಿ ಉಳಿಯಲಿ.